ಅರವತ್ಮೂರರ ಅಕ್ಕೋರಿಗೆ ಅಪ್‌ಗ್ರೇಡ್ ಯಾಕೆ?

“ನಿಮಗ ಇನ್ನ ಎಷ್ಟು ವರ್ಷ ಬೇಕ್ರಿ ಅಮ್ಮಾ?”

ಹೀಗೆ ನನ್ನನ್ನು ಕೇಳಿದವನು ಡಾಕ್ಟರಲ್ಲ, ಜ್ಯೋತಿಷಿಯಲ್ಲ, ವಿಮೆ ಏಜೆಂಟನೂ ಅಲ್ಲ. ಬಾಗಲಕೋಟೆಯ ಒಬ್ಬ ಕಂಪ್ಯೂಟರ್ ಅಂಗಡಿಯವ. ವಯಸ್ಸು ಮೂವತ್ತೈದರ ಆಸುಪಾಸು. ಹಂಗಿಸುವ ದನಿಯಲ್ಲೇನೂ ಕೇಳಲಿಲ್ಲ. ನಗುನಗುತ್ತಾ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ. ಅದಕ್ಕೇ ಹೆಚ್ಚು ಉರಿಯಿತು.

ಪಕ್ಕದಲ್ಲಿ ನಿಂತಿದ್ದ ನಮ್ಮ ಮನೆಯವರು ಕಿಸಕ್ಕನೆ ನಕ್ಕರು. (ಆ ನಗುವಿಗೆ ಮನೆಗೆ ಬಂದ ಮೇಲೆ ಸಿಕ್ಕ ಉತ್ತರ ಅಚ್ಚು ಹಾಕುವಂಥದ್ದಲ್ಲ, ಬಿಡಿ.)

ಆಗಿದ್ದಿಷ್ಟು. ವಿದ್ಯಾಗಿರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರಿದೆ. ನಾನು ಹುನಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಾಗ, ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇರುವಾಗ ತಂದದ್ದು. ಏಳು ವರ್ಷದಲ್ಲಿ ಒಂದು ದಿನವೂ ಮುನಿಸಿಕೊಂಡಿರಲಿಲ್ಲ. ಕಳೆದ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಬಟನ್ ಒತ್ತಿದೆ. ಫ್ಯಾನ್ ತಿರುಗಿತು. ದೀಪ ಹತ್ತಿತು. ಪರದೆ ಮಾತ್ರ ಕಪ್ಪಗೆ ಕೂತಿತ್ತು.

ಅದರೊಳಗೆ ಪಾರವ್ವನ ಹೂ ಇತ್ತು.

ಪಾರವ್ವ ಯಾರೆಂದು ಹೇಳಿಬಿಡುತ್ತೇನೆ. ಗುಳೇದಗುಡ್ಡದ ಎಪ್ಪತ್ತನಾಲ್ಕು ವರ್ಷದ ನೇಕಾರರು. ಎರಡು ವರ್ಷದ ಹಿಂದೆ ಕುಪ್ಪಸಕ್ಕೆ ಖಣ ಕೊಳ್ಳಲು ಹೋದವಳಿಗೆ ಅವರ ಪರಿಚಯವಾಯಿತು. ಅವರ ಟ್ರಂಕಿನಲ್ಲಿ ಒಂದು ಗೇಣಗಲದ ಹಳೆಯ ಖಣದ ತುಂಡಿದೆ. ಅದರಲ್ಲಿ ಎಂಟು ಎಸಳಿನ ಒಂದು ಹೂ. ಅವರ ಅತ್ತೆ ನೇಯುತ್ತಿದ್ದದ್ದು. ಪೇಟೆಯಲ್ಲಿ ಅದಕ್ಕೆ ಹೆಸರಿಲ್ಲ. ಪಾರವ್ವ ‘ನಮ್ಮತ್ತಿ ಹೂ’ ಎನ್ನುತ್ತಾರೆ. ಆ ಹೂವನ್ನು ಈಗ ಯಾರೂ ನೇಯುವುದಿಲ್ಲ. ಮಗ್ಗಕ್ಕೆ ಹೂ ಹೇಳಿಕೊಡುವ ತೂತು ಹೊಡೆದ ರಟ್ಟಿನ ಪಟ್ಟಿಗಳನ್ನು ಇಲಿ ತಿಂದು ಎಷ್ಟೋ ವರ್ಷವಾಯಿತು. ಉಳಿದಿದ್ದು ಆ ಒಂದು ತುಂಡು, ಅದೂ ಬಣ್ಣ ಮಾಸಿದ್ದು.

ನಾನು ಅದನ್ನು ಕಂಪ್ಯೂಟರಿನಲ್ಲಿ ಚೌಕುಳಿ ಹಾಕಿ ಬಿಡಿಸುತ್ತಿದ್ದೆ. ಒಂದು ಚೌಕ ಎಂದರೆ ಒಂದು ಎಳೆ. ಪಾರವ್ವನ ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದು ಮಂಜು. ಆದರೆ ಬೆರಳು ಮಂಜಾಗಿಲ್ಲ. ತುಂಡಿನ ಮೇಲೆ ಉಗುರು ಆಡಿಸುತ್ತಾ ಹೇಳುತ್ತಿದ್ದರು: “ಎರಡು ಮ್ಯಾಲ ಹಾಕ್ರಿ ಅಕ್ಕೋರ. ಒಂದು ಕೆಳಗ. ಮೂರು ಬಿಡ್ರಿ.” (ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ನಿವೃತ್ತಿಯಾದರೂ ಆ ಹುದ್ದೆ ಹೋಗುವುದಿಲ್ಲ.) ನಾನು ಚೌಕ ತುಂಬುತ್ತಿದ್ದೆ. ಐದು ಎಸಳು ಮುಗಿದಿದ್ದವು. ಮೂರು ಬಾಕಿ.

ಆ ಮೂರಕ್ಕೆ ಒಂದು ಗಡುವೂ ಇತ್ತು. ಪಾರವ್ವನ ಓಣಿಯಲ್ಲೇ ಯಮನೂರಪ್ಪ ಎಂಬ ನೇಕಾರ ಹೊಸ ಮಗ್ಗ ಹಾಕಿದ್ದಾನೆ. ಅದಕ್ಕೆ ರಟ್ಟಿನ ಪಟ್ಟಿ ಬೇಡ. ಪೆನ್‌ಡ್ರೈವಿನಲ್ಲಿ ಫೈಲ್ ಕೊಟ್ಟರೆ ಓದಿಕೊಂಡು ನೇಯುತ್ತದೆ. ಅವನು ಮೊದಲೇ ಹೇಳಿದ್ದ: “ಅಕ್ಕೋರ, ಇನ್ನ ಸ್ವಲ್ಪ ದಿನ ಮಗ್ಗ ಖಾಲಿ ಇರ್ತೈತಿ. ಅಷ್ಟರಾಗ ಫೈಲ್ ಕೊಡ್ರಿ, ನೇಯ್ತೇನಿ. ಆಮ್ಯಾಲ ಹೊರಗಿನ ಆರ್ಡರ್ ಹಿಡದೇನಿ. ದೀಪಾವಳಿ ಮುಗಿಯೂ ತನಕ ಮುಟ್ಟಾಕ ಆಗೂದಿಲ್ಲ.” ಕಂಪ್ಯೂಟರ್ ಕಪ್ಪಾದ ಸೋಮವಾರದಿಂದ ಎಣಿಸಿದರೆ ಒಂಬತ್ತು ದಿನ ಉಳಿದಿತ್ತು.

ಫೈಲು ಪೆನ್‌ಡ್ರೈವಿನಲ್ಲೂ ಇತ್ತು. (ಗಣಿತದ ಟೀಚರ್ ನಾನು, ಒಂದೇ ಕಡೆ ಇಡುತ್ತೇನೆಯೇ?) ಆದರೆ ಅದನ್ನು ತೆರೆದು ಚೌಕ ತುಂಬುವ ಸಾಫ್ಟ್‌ವೇರ್ ಇದ್ದದ್ದು ನನ್ನ ಈ ಡಬ್ಬಿಯಲ್ಲಿ ಮಾತ್ರ.

ಮಂಗಳವಾರ ಬೆಳಿಗ್ಗೆ ಡಬ್ಬಿಯನ್ನು ಆಟೋದಲ್ಲಿಟ್ಟುಕೊಂಡು ಇಬ್ಬರೂ ಅಂಗಡಿಗೆ ಹೋದೆವು. ಅಂಗಡಿಯವ ಮುಚ್ಚಳ ತೆಗೆದ, ಪ್ರೊಸೆಸರನ್ನು ಎಳೆದು ನೋಡಿದ, ಮತ್ತೆ ಹಾಕಿದ, ಏನೇನೋ ಪರೀಕ್ಷೆ ಮಾಡಿದ.

“ಮದರ್‌ಬೋರ್ಡ್ ಹೋಗೈತ್ರಿ ಸರ್.”

ಸರ್ ಎಂದರೆ ನಮ್ಮ ಮನೆಯವರು. ಅವರಿಗೆ ಆ ಕಂಪ್ಯೂಟರಿನ ಬಟನ್ ಎಲ್ಲಿದೆ ಎಂದೂ ಗೊತ್ತಿಲ್ಲ.

“ಪ್ರೊಸೆಸರ್?” ಕೇಳಿದ್ದು ನಾನು.

“ಅದೂ ಹಳೇದೈತ್ರಿ ಸರ್.”

“ಹಳೇದು ಖರೆ. ಕೆಟ್ಟೈತೇನು?”

“ಕೆಟ್ಟೇನಿಲ್ರಿ ಸರ್. ಆದ್ರ ಹಳೇದು.”

ಪ್ರಶ್ನೆ ಇಲ್ಲಿಂದ ಹೋಗುತ್ತಿತ್ತು, ಉತ್ತರ ಅಲ್ಲಿಗೆ ಬೀಳುತ್ತಿತ್ತು. ನೀವೂ ಅನುಭವಿಸಿರುತ್ತೀರಿ. ಹೆಂಗಸರಾಗಿದ್ದರೆ ಖಂಡಿತ.

ಗೊತ್ತಿಲ್ಲದವರಿಗೆ ಒಂದು ಮಾತು. ಪ್ರೊಸೆಸರ್ ಎಂದರೆ ಕಂಪ್ಯೂಟರಿನಲ್ಲಿ ಕೂಡಿ ಕಳೆಯುವ ಚಿಪ್. ಮದರ್‌ಬೋರ್ಡ್ ಎಂದರೆ ಅದು ಕೂರುವ ದೊಡ್ಡ ಹಲಗೆ; ಮೆಮೊರಿ, ಡಿಸ್ಕು, ಪರದೆ ಎಲ್ಲವೂ ಬಂದು ಸೇರುವುದು ಅಲ್ಲಿಗೇ. ಹಲಗೆ ಸುಟ್ಟರೆ ಚಿಪ್ ಕೂಡ ಸತ್ತಿತು ಎಂದೇನಿಲ್ಲ. ಬೇರೆ ಹಲಗೆಯ ಮೇಲೆ ಕೂರಿಸಿದರೆ ಮತ್ತೆ ಓಡುತ್ತದೆ. ಆದರೆ ಎಲ್ಲ ಹಲಗೆಯ ಮೇಲೂ ಎಲ್ಲ ಚಿಪ್ ಕೂರುವುದಿಲ್ಲ. ತಕರಾರೆಲ್ಲ ಇರುವುದು ಅಲ್ಲಿ.

ಪೂರ್ತಿ ಹೊಸ ಸೆಟ್ ಹುಬ್ಬಳ್ಳಿಯಿಂದ ಬರಲು ಎಂಟು ದಿನವಂತೆ. ಅಷ್ಟು ದಿನ ಎಲ್ಲಿದೆ? ಅಂಗಡಿಯವ ಕಪಾಟಿನಿಂದ ಒಂದು ಚಿಕ್ಕ ಡಬ್ಬಿ ತೆಗೆದ. “ಈ ಬೋರ್ಡ್ ಹಾಕೋಣ್ರಿ. ನಿಮ್ಮ ಹಳೇ ಪ್ರೊಸೆಸರ್ ಇದರಾಗ ಓಡ್ತೈತಿ. ಬಾದಾಮಿ ಲಾಡ್ಜಿನವರಿಗೆಲ್ಲ ಬಿಲ್ ಹೊಡಿಯಾಕ ಇದನ್ನ ಕೊಟ್ಟೇನಿ. ಸಂಜಿ ಒಳಗ ಚಾಲೂ ಮಾಡಿ ಕೊಡ್ತೇನಿ.”

ಸಂಜೆಯೊಳಗೆ! ಒಂದು ಗಳಿಗೆ ಆಸೆಯಾಯಿತು. ಡಬ್ಬಿ ತಿರುಗಿಸಿ ಓದಿದೆ. ಮೆಮೊರಿಗೆ ಎರಡೇ ಜಾಗ.

“ಮುಂದ ಇದಕ್ಕ ದೊಡ್ಡ ಪ್ರೊಸೆಸರ್ ಹಾಕಬಹುದೇನು?”

“ದೊಡ್ಡದು ತಡಿಯೂದಿಲ್ರಿ ಇದು. ಬಿಸಿ ಆಗಿ ನಿಧಾನ ಆಗ್ತೈತಿ.”

“ಹಂಗಾದ್ರ ನಾ ಮುಂದ ಅಪ್‌ಗ್ರೇಡ್ ಮಾಡೂದು ಹೆಂಗ?”

ಆಗ ಅವನು ಮೊದಲ ಸಲ ನನ್ನ ಮುಖ ನೋಡಿದ. ನೋಡಿ, ನಕ್ಕು, ಕೇಳಿದ ಮಾತೇ ಮೇಲೆ ಬರೆದದ್ದು. ಜೊತೆಗೆ ಸಮಾಧಾನವನ್ನೂ ಹೇಳಿದ: “ನಿಮಗ ಇಷ್ಟು ಸಾಕ್ರಿ.”

ನಾನು ಬೋರ್ಡಿನ ಡಬ್ಬಿಯನ್ನು ಕೌಂಟರಿನ ಮೇಲಿಟ್ಟೆ. ನನ್ನ ಕಂಪ್ಯೂಟರಿನ ಮುಚ್ಚಳ ಹಾಕಲು ಹೇಳಿದೆ. ಆಟೋ ಕರೆಯಲು ‘ಸರ್’ಗೆ ಹೇಳಿದೆ.

ಈಗ ನೀವು ಕೇಳಬಹುದು. ಗಡುವು ತಲೆಯ ಮೇಲಿತ್ತಲ್ಲ, ಸದ್ಯಕ್ಕೆ ಅದನ್ನೇ ಹಾಕಿಸಿಕೊಂಡು, ದೊಡ್ಡದನ್ನು ಆಮೇಲೆ ನೋಡಬಹುದಿತ್ತಲ್ಲ? ನಮ್ಮ ಮನೆಯವರೂ ಆಟೋದಲ್ಲಿ ಅದನ್ನೇ ಅಂದರು. “ಆಮ್ಯಾಲ ನೋಡೋಣಲ್ಲ?”

ಮೂವತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ‘ಆಮ್ಯಾಲ ನೋಡೋಣ’ ಎಂಬುದರ ಅರ್ಥ ಗೊತ್ತಿಲ್ಲವೇ? ಒಂದು ಸಲ ಆ ಬೋರ್ಡು ಓಡತೊಡಗಿದರೆ, ‘ಓಡಾಕತ್ತೈತಲ್ಲ, ಮತ್ಯಾಕ?’ ಎಂಬ ಮಾತು ಬಾಗಿಲಲ್ಲೇ ಕಾದಿರುತ್ತದೆ. ಆಮೇಲೆ ಎಂಬುದು ಬರುವುದೇ ಇಲ್ಲ. ನನ್ನ ಹೊಲಿಗೆ ಮಷೀನಿನ ಮೋಟರು ಇವತ್ತಿಗೂ ಬಂದಿಲ್ಲ.

ಮತ್ತೆ, ನನಗೆ ದೊಡ್ಡ ಪ್ರೊಸೆಸರ್ ಬೇಕಾಗಿರುವುದು ಷೋಕಿಗಲ್ಲ. ಚೌಕ ತುಂಬಲು ಹಳೆಯದೇ ಧಾರಾಳ. ಆದರೆ ನನ್ನ ಮನಸ್ಸಿನಲ್ಲಿ ಮುಂದಿನ ಕೆಲಸವಿದೆ. ಬಿಡಿಸಿದ ಹೂವನ್ನು ಮಗ್ಗಕ್ಕೆ ಕೊಡುವ ಮುಂಚೆ, ಬಟ್ಟೆಯಾಗಿ ಮಡಿಚಿದರೆ, ಕುಪ್ಪಸವಾಗಿ ತೊಟ್ಟರೆ ಹೇಗೆ ಕಾಣುತ್ತದೆ ಎಂದು ಪರದೆಯ ಮೇಲೆಯೇ ತೋರಿಸಬೇಕು. ಹಾಗೆ ತೋರಿಸಿದರೆ ನೇಕಾರರು ನೂಲು ಹಾಳು ಮಾಡದೆ ತೀರ್ಮಾನಿಸಬಹುದು. ಒಮ್ಮೆ ಪ್ರಯತ್ನಿಸಿದ್ದೆ. ನಾನು ಹನ್ನೆರಡು ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ ಬಂದರೂ ಒಂದು ತೋಳಿನ ಚಿತ್ರ ಮುಗಿದಿರಲಿಲ್ಲ. ಅದಕ್ಕೆ ದೊಡ್ಡದು ಬೇಕು. ಇವತ್ತಲ್ಲ, ಮುಂದಿನ ವರ್ಷ, ಅದರ ಮುಂದಿನ ವರ್ಷ. ಇವತ್ತು ಬೇಕಿರುವುದು ಹಳೆಯದನ್ನು ಕೂರಿಸಿಕೊಂಡು, ದೊಡ್ಡದಕ್ಕೆ ಜಾಗ ಇಟ್ಟುಕೊಂಡಿರುವ ಒಂದು ಬೋರ್ಡು.

ಅಂಥದ್ದು ಇದೆಯೋ ಇಲ್ಲವೋ? ಅಂಗಡಿಯವ ಹೇಳಲಿಲ್ಲ. ನಾನೇ ಓದಬೇಕಾಯಿತು.

ಬುಧವಾರ ಪೂರ್ತಿ ಮೊಬೈಲ್ ಹಿಡಿದು ಕೂತೆ. ಪಕ್ಕದಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು, ಕೆಂಪು ಪೆನ್ನು, ಸ್ಕೇಲು. ಬೋರ್ಡು ಮಾಡುವ ಪ್ರತಿ ಕಂಪನಿಯೂ ತನ್ನ ವೆಬ್‌ಸೈಟಿನಲ್ಲಿ ಒಂದು ಪಟ್ಟಿ ಕೊಟ್ಟಿರುತ್ತದೆ: ಈ ಬೋರ್ಡಿನಲ್ಲಿ ಯಾವ ಯಾವ ಪ್ರೊಸೆಸರ್ ಓಡುತ್ತವೆ ಎಂದು. ಯಾರೂ ಓದದ ಪಟ್ಟಿ. ನಾನು ಓದಿದೆ. ಮೂವತ್ತು ವರ್ಷ ಹಾಜರಿ ಪುಸ್ತಕ ಓದಿದವಳಿಗೆ ಅದೇನು ಮಹಾ?

ಓದಿದಂತೆ ಒಂದು ವಿಚಿತ್ರ ಗೊತ್ತಾಯಿತು. ಎಲ್ಲಕ್ಕಿಂತ ಹೊಸ, ಮಿಂಚುವ ಬೋರ್ಡಿನಲ್ಲಿ ನನ್ನ ಪ್ರೊಸೆಸರ್ ಓಡುವುದಿಲ್ಲ. ಕೂರುತ್ತದೆ! ಕೂರುವ ಜಾಗ, ಅಂದರೆ ಸಾಕೆಟ್, ಒಂದೇ ಅಳತೆಯದು. ಕಾಲುಗಳೆಲ್ಲ ಸರಿಯಾಗಿ ಇಳಿಯುತ್ತವೆ. ಆದರೆ ಬೋರ್ಡಿನೊಳಗಿನ ಸಾಫ್ಟ್‌ವೇರಿಗೆ ಅದರ ಗುರುತೇ ಇಲ್ಲ. ತೀರ ಅಗ್ಗದ ಬೋರ್ಡಿನಲ್ಲಿ ನನ್ನದು ಓಡುತ್ತದೆ, ನಾಳೆಯ ದೊಡ್ಡದನ್ನು ಅದು ತಾಳುವುದಿಲ್ಲ. ಇವೆರಡರ ನಡುವೆ, ಹೊಸದೂ ಅಲ್ಲದ ತೀರ ಹಳೆಯದೂ ಅಲ್ಲದ ಒಂದು ಬೋರ್ಡಿತ್ತು. ಅದರ ಪಟ್ಟಿಯಲ್ಲಿ ನನ್ನ ಪ್ರೊಸೆಸರ್ ಹೆಸರಿತ್ತು. ಅದಾದ ಮೇಲೆ ಬಂದ ಮೂರು ತಲೆಮಾರಿನ ದೊಡ್ಡ ದೊಡ್ಡವುಗಳ ಹೆಸರೂ ಇತ್ತು. ಮೆಮೊರಿಗೆ ನಾಲ್ಕು ಜಾಗ.

ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದೆ. ಎರಡು ಸಲ.

ನಮ್ಮ ಮನೆಯವರು ಚಹಾ ತಂದಿಟ್ಟು ನೋಟ್‌ಬುಕ್ಕಿನಲ್ಲಿ ಇಣುಕಿದರು. “ಇಷ್ಟೆಲ್ಲ ಯಾಕ? ಹುಬ್ಬಳ್ಳಿಯಿಂದ ಹೊಸಾದ ತರಸೋಣ ಬಿಡು. ಅಲ್ಲ, ಈ ವಯಸ್ಸಿನಾಗ ನೀ…”

ಮಾತು ಮುಗಿಸಲು ಬಿಡಲಿಲ್ಲ. “ನಿಮ್ಮ ಸ್ಕೂಟರ್ ತಗೊಂಡು ಎಷ್ಟು ವರ್ಷ ಆತ್ರಿ?”

ಅವರ ಸ್ಕೂಟರಿಗೆ ನಮ್ಮ ಮಗಳಿಗಿಂತ ಎರಡು ವರ್ಷ ಹೆಚ್ಚು ವಯಸ್ಸು. ಹೋದ ವರ್ಷ ಎಂಜಿನ್ ಕೆಲಸ ಮಾಡಿಸಿಕೊಂಡು ಬಂದು, “ಇನ್ನ ಹತ್ತು ವರ್ಷ ಚಿಂತಿಲ್ಲ” ಎಂದು ಅಂಗಳದಲ್ಲಿ ನಿಂತು ಬೀಗಿದ್ದರು. ಅವರಿಗೆ ಅರವತ್ತೆಂಟು. ಮೆಕ್ಯಾನಿಕ್ ಅವರನ್ನು ಕೇಳಿದನೇ, ನಿಮಗೆ ಇನ್ನು ಎಷ್ಟು ವರ್ಷ ಬೇಕು ಎಂದು? ಇಲ್ಲ. ಹಳೇ ಮಾಲು ಗಟ್ಟಿ ಎಂದು ಹೊಗಳಿ ಕಳಿಸಿದ.

ಚಹಾ ಕಪ್ಪು ತೆಗೆದುಕೊಂಡು ಒಳಗೆ ಹೋದರು.

ಗುರುವಾರ ಪಾರವ್ವನ ಫೋನು. “ಅಕ್ಕೋರ, ಹೂ ಎಲ್ಲಿ ತನಕ ಬಂತ್ರಿ?”

ಸುಳ್ಳು ಹೇಳಲಾಗಲಿಲ್ಲ. ಎಲ್ಲ ಹೇಳಿದೆ.

“ಮಸೀನ್ ಕೆಟ್ಟೈತೇನ್ರಿ? ನಮ್ಮ ಮಗ್ಗನೂ ಕೆಡತಿತ್ತು. ಕೆಟ್ಟಿದ್ದಷ್ಟ ತಗದು ಬ್ಯಾರೇದು ಹಾಕ್ತಿದ್ವಿ. ಮಗ್ಗಾನ ಹೊರಗ ಒಗೀತಿದ್ದಿಲ್ಲ. ನೀವು ನೋಡಿ ಮಾಡ್ರಿ.” ಫೋನಿಡುವ ಮುಂಚೆ, “ಆದ್ರ ಯಮನೂರಿ ಮಂಗಳವಾರದ ತನಕ ಅಷ್ಟ ಅಂತಾನ್ರಿ,” ಎಂದರು.

ಫೋನಿಟ್ಟ ಮೇಲೆ ನನ್ನ ಜಂಬವೆಲ್ಲ ಇಳಿಯಿತು. ಇದು ನನ್ನ ಹಟ. ಆದರೆ ಹೂ ಅವರದು. ನನ್ನ ಸಿಟ್ಟಿಗೆ ಅವರ ಹೂ ದೀಪಾವಳಿಯಾಚೆ ಹೋದರೆ? ಆ ಬಟ್ಟೆಯ ತುಂಡು, ಆ ಒಂದು ಕಣ್ಣು ಅಲ್ಲಿಯವರೆಗೆ ಕಾಯುತ್ತವೆ ಎಂದು ಯಾರು ಬರೆದುಕೊಟ್ಟಿದ್ದಾರೆ? ಶುಕ್ರವಾರ ಅಂಗಡಿ ತೆರೆಯುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದೆ. ಬೋರ್ಡಿನ ಹೆಸರು ಬರೆದ ಚೀಟಿ ಕೊಟ್ಟೆ.

“ಇದು ಹಳೇ ಮಾಡೆಲ್ ರೀ. ಎಲ್ಲಿ ಸಿಗತೈತಿ?” ಚೀಟಿ ವಾಪಸ್ ಬಂತು. ಆ ಚಿಕ್ಕ ಡಬ್ಬಿ ಇನ್ನೂ ಕೌಂಟರಿನ ಮೇಲೆಯೇ ಇತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ನಾನು ಹೊರಗೆ ಬಂದು ಯಮನೂರಪ್ಪನಿಗೆ ಫೋನ್ ಮಾಡಿದೆ. ಇನ್ನೆರಡು ದಿನ ಹೆಚ್ಚಿಗೆ ಕೊಡಲು ಸಾಧ್ಯವೇ? ಸಾಧ್ಯವಿರಲಿಲ್ಲ. ಅವನಿಗೂ ಕೊಟ್ಟ ಮಾತಿದೆ, ತಪ್ಪು ಅವನದಲ್ಲ. ಆದರೆ ಅವನು ಇನ್ನೊಂದು ಮಾತು ಹೇಳಿದ: “ನಮ್ಮ ಮಗ್ಗದ ಕಂಪ್ಯೂಟರ್ ಕೆಟ್ರ ನಾವು ಇಳಕಲ್ಲಿಗೆ ಒಯ್ತೇವ್ರಿ. ಶಬಾನಾ ಮೇಡಂ ಅಂತ ಅದಾರ. ಭಾಳ ಶಾಣ್ಯಾ. ಒಂದ್ ಸಲ ಕೇಳಿ ನೋಡ್ರಿ.”

ಕೇಳಿದೆ. ಚೀಟಿಯಲ್ಲಿದ್ದ ಹೆಸರನ್ನು ಫೋನಿನಲ್ಲಿ ಓದಿದೆ. ಆ ಕಡೆಯಿಂದ ಒಂದು ಹೆಣ್ಣು ದನಿ, “ಐತ್ರಿ. ಒಂದ ಉಳದೈತಿ. ಕಂಪ್ಯೂಟರ್ ಸಮೇತ ಬರ್ರಿ, ಪ್ರೊಸೆಸರ್ ನೋಡದ ನಾ ಬೋರ್ಡ್ ಕೊಡೂದಿಲ್ಲ,” ಎಂದಿತು.

ಕೊಡುವ ಮುಂಚೆ ನೋಡುತ್ತೇನೆ ಎನ್ನುವ ಅಂಗಡಿ! ನನಗೆ ಅಲ್ಲಿಯೇ ಅರ್ಧ ನಂಬಿಕೆ ಬಂತು.

ಶನಿವಾರ ಬೆಳಿಗ್ಗೆ ಕಂಪ್ಯೂಟರಿಗೆ ಕೌದಿ ಸುತ್ತಿ ಇಳಕಲ್ ಬಸ್ಸು ಹತ್ತಿದೆ. ಒಬ್ಬಳೇ. (ಸರ್‌ಗೆ ರಜೆ ಕೊಟ್ಟಿದ್ದೆ.) ಕಂಡಕ್ಟರ್ ಕೌದಿ ಮುಟ್ಟಿ ನೋಡಿ, “ಟೀವಿ ಏನ್ರಿ ಅಕ್ಕಾರ?” ಎಂದ. “ಮಗ್ಗ,” ಎಂದೆ. ಅವನು ಅನುಮಾನದಿಂದ ಮುಂದೆ ಹೋದ. ಕಮತಗಿಯಲ್ಲಿ ಜನ ಹತ್ತಿದರು, ಹುನಗುಂದದಲ್ಲಿ ಇನ್ನಷ್ಟು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಪ್ರತಿ ಉಬ್ಬಿಗೂ ಹೊಟ್ಟೆಗೆ ಒತ್ತಿಕೊಂಡೆ. ಮಗಳನ್ನೂ ಇಷ್ಟು ಜೋಪಾನವಾಗಿ ಬಸ್ಸಿನಲ್ಲಿ ಕರೆದೊಯ್ದ ನೆನಪಿಲ್ಲ.

ಶಬಾನಾ ಅವರ ಅಂಗಡಿ ಸೀರೆ ಅಂಗಡಿಗಳ ಹಿಂದಿನ ಓಣಿಯಲ್ಲಿದೆ. ಎರಡು ಟೇಬಲ್ಲು, ಒಂದು ದೊಡ್ಡ ದೀಪ, ಅದಕ್ಕೆ ಅಂಟಿಸಿದ ಭೂತಗನ್ನಡಿ. ನಲವತ್ತರ ಹೆಂಗಸು, ತಲೆಯ ಮೇಲೆ ದುಪಟ್ಟಾ, ಅದರ ಮೇಲೆ ಕನ್ನಡಕ. ನನ್ನ ಡಬ್ಬಿ ಬಿಚ್ಚಿ, ಪ್ರೊಸೆಸರನ್ನು ಎರಡೇ ಬೆರಳಲ್ಲಿ ಎತ್ತಿ ದೀಪಕ್ಕೆ ಹಿಡಿದರು. ಮುಖ ಗಂಟಾಯಿತು.

“ಇದನ್ನ ಯಾರ್ ತಗದಿದ್ರು ಅಕ್ಕೋರ?”

ಭೂತಗನ್ನಡಿಯಲ್ಲಿ ತೋರಿಸಿದರು. ಬೆಂಕಿಪೊಟ್ಟಣದಷ್ಟು ಅಗಲದ ಆ ಚೌಕದ ಕೆಳಗೆ ಸಾವಿರಕ್ಕೂ ಹೆಚ್ಚು ಕಾಲುಗಳಿವೆ, ಕೂದಲಿನಷ್ಟು ತೆಳ್ಳಗೆ. ಮೂಲೆಯಲ್ಲಿ ಎರಡು ಕಾಲು ಮಡಚಿ ಮಲಗಿದ್ದವು. ಅವಸರದಲ್ಲಿ ಎಳೆದು ಹಾಕಿದ್ದರ ಗುರುತು.

“ಸೆಟ್ ಮಾಡಬಹುದು. ಮುರದ್ರ ಮಾತ್ರ ಮುಗೀತ್ರಿ, ಮತ್ತ ಹುಟ್ಟೂದಿಲ್ಲ. ನನ್ನ ಮ್ಯಾಲ ಸಿಟ್ಟಾಗಬಾರ್ದು.”

“ಮಾಡವ್ವ,” ಎಂದೆ. ಬೇರೆ ದಾರಿ ಏನಿತ್ತು?

ಅವರು ಫ್ಯಾನ್ ಬಂದ್ ಮಾಡಿದರು. ಹೊಲಿಗೆಯ ಸೂಜಿ ತೆಗೆದುಕೊಂಡರು. ಉಸಿರು ಹಿಡಿದರು. ನಾನು ನೋಡಲಾರದೆ ಗೋಡೆಯ ಕ್ಯಾಲೆಂಡರ್ ನೋಡಿದೆ. ಒಂದು ಕಾಲು ಎದ್ದಿತು. ಎರಡನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ನಡುವೆ ಒಮ್ಮೆ ಸೂಜಿ ಕೆಳಗಿಟ್ಟು ಬೆರಳು ಸಡಿಲಿಸಿಕೊಂಡರು. “ನಮ್ಮ ಅಮ್ಮಿ ಸೀರಿಗೆ ಸೆರಗು ಜೋಡಸ್ತಿದ್ಳು ಅಕ್ಕೋರ, ಮಗ್ಗದಾಗ ಒಂದೊಂದ ಎಳಿ ಹಿಡದು. ನನಗ ಕೈ ಅಲ್ಲಿಂದ ಬಂದೈತಿ.” ಮತ್ತೆ ಬಾಗಿದರು.

“ಆತ್ರಿ.”

ತಮ್ಮ ಟೇಬಲ್ಲಿನ ಬೇರೊಂದು ಬೋರ್ಡಿನ ಮೇಲೆ ಅದನ್ನು ಮೆಲ್ಲಗೆ ಇಳಿಸಿ ಬಟನ್ ಒತ್ತಿದರು. ಒಂದು, ಎರಡು, ಮೂರು. ಪರದೆಯ ಮೇಲೆ ಬಿಳಿ ಅಕ್ಷರ ಬಂದವು. ಏಳು ವರ್ಷದ ಪ್ರೊಸೆಸರ್, ತನ್ನ ಹೆಸರು ತಾನೇ ಹೇಳಿಕೊಂಡಿತು. ನಾನು ಅದಕ್ಕೆ ಎರಡೂ ಕೈಯೆತ್ತಿ ನಮಸ್ಕಾರ ಮಾಡಿದೆ. (ನಗಬೇಡಿ.)

ಈಗ ಬೋರ್ಡು ಕೊಡುತ್ತಾರೆ ಎಂದುಕೊಂಡೆ. ಕೊಡಲಿಲ್ಲ. ಸ್ಟೂಲು ಎಳೆದು ನನ್ನ ಎದುರು ಕೂತರು.

“ಮುಂದ ಏನ್ ಮಾಡಬೇಕಂತ ಮಾಡೀರಿ?”

ಐದು ದಿನದಲ್ಲಿ ಈ ಪ್ರಶ್ನೆ ಕೇಳಿದ ಮೊದಲ ಮನುಷ್ಯರು. ನಾನು ಕುಪ್ಪಸದ ತೋಳಿನಿಂದ ಹಿಡಿದು ಎಲ್ಲ ಹೇಳಿದೆ. ನೋಟ್‌ಬುಕ್ಕಿನ ಪಟ್ಟಿ ತೋರಿಸಿದೆ. ಅವರು ಪ್ರತಿ ಸಾಲನ್ನೂ ಓದಿ, ನನ್ನ ಕೆಂಪು ಪೆನ್ನು ಇಸಿದುಕೊಂಡು ಒಂದು ಕಡೆ ಗುರುತು ಹಾಕಿದರು. ಗಣಿತದ ಟೀಚರಿನ ನೋಟ್‌ಬುಕ್ಕಿಗೆ ಕೆಂಪು ಗುರುತು!

“ಎಲ್ಲ ಬರೋಬ್ಬರಿ ಐತಿ. ಇದೊಂದ ತಪ್ಪು. ದೊಡ್ಡದು ತಂದ ಕೂಡ್ಲೆ ಹಾಕಾಕ ಹೋಗಬ್ಯಾಡ್ರಿ. ಮೊದಲ ಈ ಹಳೇ ಪ್ರೊಸೆಸರ್ ಮ್ಯಾಲನ ಬೋರ್ಡಿನ ಸಾಫ್ಟ್‌ವೇರ್ ಹೊಸಾದು ಮಾಡಬೇಕು. ಆಮ್ಯಾಲ ಇದನ್ನ ತಗದು ಅದನ್ನ ಹಾಕೂದು. ಅಲ್ಲೀ ತನಕ ಸಾಫ್ಟ್‌ವೇರ್ ಮುಟ್ಟಬ್ಯಾಡ್ರಿ. ಭಾಳ ಹೊಸಾದು ಹಾಕಿದ್ರ ಕೆಲವು ಬೋರ್ಡ್ ಹಳೇವನ್ನ ಮರ್ತಬಿಡ್ತಾವ.”

ಇನ್ನೊಂದು ಮಾತನ್ನೂ ಮುಚ್ಚಿಡಲಿಲ್ಲ. “ಖರೆ ಹೇಳ್ತೇನಿ ಅಕ್ಕೋರ. ಈ ಸಾಕೆಟ್ಟಿಗೆ ಇನ್ನ ಮುಂದ ದೊಡ್ಡವು ಹುಟ್ಟೂದು ಕಡಿಮಿ. ಈಗ ಇರೋದ್ರಾಗ ಭಾರಿದ್ದು ಹಾಕಬಹುದು. ಅಲ್ಲಿಗೆ ಮುಗೀತು. ಅದರ ಆಚೆ ಬೇಕಂದ್ರ ಬೋರ್ಡೂ ಬದಲಿ ಮಾಡಬೇಕು.”

“ಅಷ್ಟು ಇದ್ರ ಸಾಕವ್ವ. ಆಚೆದ್ದು ಬಂದಾಗ ಮತ್ತ ನಿನ್ನ ಕಡೆ ಬರ್ತೇನಿ.”

“ಬರ್ರಿ. ನಾ ಎಲ್ಲಿ ಹೋಗ್ತೇನಿ?” ಎಂದು ನಕ್ಕರು. ಇಬ್ಬರೂ ಚಹಾ ಕುಡಿದೆವು. ಬೋರ್ಡು ಕೂತಿತು, ಕಂಪ್ಯೂಟರ್ ಎದ್ದಿತು, ಪಾರವ್ವನ ಐದು ಎಸಳು ಪರದೆಯ ಮೇಲೆ ಅರಳಿದವು.

ಮಧ್ಯಾಹ್ನದ ಬಸ್ಸಿಗೆ ಬಾಗಲಕೋಟೆಗೆ ಬಂದಿಳಿದಾಗ ನಮ್ಮ ಮನೆಯವರು ಸ್ಕೂಟರ್ ಸಮೇತ ನಿಂತಿದ್ದರು. ಕೌದಿಯ ಗಂಟನ್ನು ನನ್ನ ಕೈಯಿಂದ ಇಸಿದುಕೊಂಡರು. “ಮೆಮೊರಿಗೆ ನಾಕೂ ಜಾಗ ಅದಾವೇನು?” ಎಂದರು. ನೋಟ್‌ಬುಕ್ಕು ಓದಿದ್ದರು ಮಹಾರಾಯರು!

ಭಾನುವಾರ ಬೆಳಿಗ್ಗೆ ಆರಕ್ಕೆ ಕೂತೆ. ಗುಳೇದಗುಡ್ಡದಲ್ಲಿ ಪಾರವ್ವ ತುಂಡನ್ನು ತೊಡೆಯ ಮೇಲೆ ಹಾಸಿಕೊಂಡು, ಫೋನನ್ನು ಸ್ಪೀಕರಿಗೆ ಹಾಕಿ ಕೂತರು. ಎರಡು ಮ್ಯಾಲ, ಒಂದು ಕೆಳಗ. ಅಡುಗೆ ಅವತ್ತು ಸರ್ ಮಾಡಿದರು. (ಉಪ್ಪಿಟ್ಟು. ಎರಡೂ ಹೊತ್ತು.) ಸಂಜೆ ಏಳಕ್ಕೆ ಎಂಟನೇ ಎಸಳು ಮುಗಿಯಿತು. ಪಾರವ್ವನ ದನಿ ಬಿದ್ದುಹೋಗಿತ್ತು. ನನ್ನ ಕಣ್ಣಲ್ಲಿ ಚೌಕಗಳು ಕುಣಿಯುತ್ತಿದ್ದವು.

ಸೋಮವಾರ ಗುಳೇದಗುಡ್ಡಕ್ಕೆ ಹೋಗಿ ಯಮನೂರಪ್ಪನ ಕೈಗೆ ಪೆನ್‌ಡ್ರೈವ್ ಕೊಟ್ಟೆ. ಮಗ್ಗಕ್ಕೆ ಕೆಂಪು ಹಾಸು, ಅಂದರೆ ಉದ್ದದ ಎಳೆಗಳು, ಕಟ್ಟಿ ಸಿದ್ಧವಾಗಿತ್ತು. ಉಳಿದಿದ್ದು ಅರ್ಧ ಸೋಮವಾರ, ಒಂದು ಮಂಗಳವಾರ. “ಎರಡು ಖಣ ಹೊಂಡ್ತಾವ್ರಿ,” ಎಂದ. ಒಂದು ಪಾರವ್ವನಿಗೆ, ಒಂದು ನನಗೆ ಎಂದು ಮನಸ್ಸಿನಲ್ಲೇ ಹಂಚಿಕೊಂಡೆ.

ಮಗ್ಗ ಸದ್ದು ಮಾಡತೊಡಗಿತು. ಹೂ ಇಂಚಿಂಚಾಗಿ ಎದ್ದು ಬಂತು. ಓಣಿಯ ಹೆಂಗಸರು ಬಾಗಿಲಲ್ಲಿ ನೆರೆದರು. ಒಂದು ಹೂ ಪೂರ್ತಿಯಾಯಿತು, ಎರಡಾಯಿತು, ಸಾಲಾಯಿತು. ನಾನು ಹಿಗ್ಗಿನಲ್ಲಿ ಏನೇನೋ ಮಾತಾಡುತ್ತಿದ್ದೆ. ಪಾರವ್ವ ಮಗ್ಗ ನಿಲ್ಲಿಸಲು ಹೇಳಿ, ಪಕ್ಕ ಕೂತು, ಬಟ್ಟೆಯ ಮೇಲೆ ಉಗುರು ಇಳಿಸಿದರು. ಒಂದೊಂದೇ ಎಸಳು. ಏಳನೆಯದಕ್ಕೆ ಬೆರಳು ನಿಂತಿತು. ಹಿಂದೆ ಹೋಗಿ, ಮತ್ತೆ ಬಂದು, ಮತ್ತೆ ಅಲ್ಲೇ ನಿಂತಿತು.

“ಇಲ್ಲಿ ಒಂದ ಎಳಿ ಹೆಚ್ಚಾಗೈತಿ.”

ಮಗ್ಗದ ಕಂಪ್ಯೂಟರಿನ ಪರದೆಯಲ್ಲಿ ನೋಡಿದೆವು. ನಿಜ. ಮೂರು ಬಿಡಬೇಕಾದ ಕಡೆ ಎರಡು ಬಿಟ್ಟಿದ್ದೆ. ಪಾರವ್ವ ಸರಿಯಾಗಿಯೇ ಹೇಳಿದ್ದರು. ಭಾನುವಾರದ ಅವಸರದಲ್ಲಿ ತಪ್ಪಿದ್ದು ನಾನು. ಬೋರ್ಡು ಹುಡುಕಲು ತೆಗೆದುಕೊಂಡ ದಿನಗಳು ಇಲ್ಲಿ ಬಂದು ನನ್ನನ್ನು ಹಿಡಿದಿದ್ದವು. ಹೇಳಿಕೊಳ್ಳಲು ನಾಚಿಕೆ, ಆದರೆ ಹೇಳಬೇಕು.

ಯಮನೂರಪ್ಪ ನನ್ನ ಮುಖ ನೋಡಿ ಕನಿಕರಪಟ್ಟ. “ಮುಂದಿಂದು ಇಲ್ಲೇ ಮಗ್ಗದ ಕಂಪ್ಯೂಟರಿನಾಗ ತಿದ್ತೇನ್ರಿ, ಒಂದ ಎಳಿ ಅಲ್ಲ? ಆಗಿದ್ದು ಇರ್ಲಿ ಬಿಡಬೇ. ಯಾರಿಗೆ ಕಾಣ್ತೈತಿ?”

“ಕಣ್ಣಿಗೆ ನನಗೂ ಕಾಣೂದಿಲ್ಲೋ,” ಎಂದರು ಪಾರವ್ವ. “ಕೈಗೆ ತಿಳಿತೈತಿ. ಬಿಚ್ಚು.”

“ಬಿಚ್ಚಾಕ ಹತ್ತಿದ್ರ ಇವತ್ತಿಂದು ಹೋತು. ಆಮ್ಯಾಲ ಎರಡು ಖಣ ಆಗೂದಿಲ್ಲಬೇ. ಒಂದ ಆಗ್ತೈತಿ.”

“ಒಂದ ಆಗ್ಲಿ.”

ನಾನು ಬಾಯಿ ತೆರೆದೆ. ನನ್ನ ಪಾಲಿನ ಖಣ ಕಣ್ಣ ಮುಂದೆಯೇ ಹೋಗುತ್ತಿತ್ತು. ಒಂದು ಎಳೆ, ಅದೂ ಕುಪ್ಪಸದಲ್ಲಿ ಬಗಲ ಕೆಳಗೆ ಎಲ್ಲೋ ಅಡಗಿ ಹೋಗುವ ಎಳೆ. ಪಾರವ್ವ ನನ್ನ ಕಡೆ ತಿರುಗಿ, “ಇಷ್ಟು ದಿನ ತಾಳೇವಿ ಅಕ್ಕೋರ. ಇನ್ನ ತಪ್ಪು ಹೂ ಯಾಕ ತೊಟ್ಕೋಬೇಕು?” ಎಂದರು.

ಐದು ದಿನ ಊರೂರು ತಿರುಗಿದ ನನ್ನ ಹಟ ಅವರ ಹಟದ ಮುಂದೆ ಚಿಕ್ಕ ಮಗುವಾಗಿತ್ತು.

ನೇಯುವುದಕ್ಕಿಂತ ಬಿಚ್ಚುವುದು ನಿಧಾನ. ಯಮನೂರಪ್ಪ ಸಂಜೆಯವರೆಗೂ ಒಂದೊಂದೇ ಎಳೆ ಹಿಂದಕ್ಕೆ ತೆಗೆದ. ಪಾರವ್ವ ಎದ್ದು ಹೋಗಲಿಲ್ಲ, ಪಕ್ಕದಲ್ಲೇ ಕೂತು ಬಿಚ್ಚಿದ ನೂಲನ್ನು ಬೆರಳಿಗೆ ಸುತ್ತಿಕೊಂಡರು. ಮಂಗಳವಾರ ಸಂಜೆ ಮಗ್ಗದಿಂದ ಒಂದೇ ಒಂದು ಖಣ ಇಳಿಯಿತು. ಎಂಟು ಎಸಳು, ಎಲ್ಲ ಎಳೆಯೂ ಸರಿ. ಪಾರವ್ವ ಅದನ್ನು ಮಡಿಚಿ ಎದೆಗೆ ಒತ್ತಿಕೊಂಡು ಮನೆಯೊಳಗೆ ಹೋದರು. ಬುಧವಾರ ಬೆಳಿಗ್ಗೆ ಮಗ್ಗ ಬೇರೆಯವರ ಆರ್ಡರಿಗೆ ಓಡತೊಡಗಿತು.

ನಾನು ಬರಿಗೈಯಲ್ಲಿ ಬಸ್ಸು ಹತ್ತಿದೆ.

ನಿಜ ಹೇಳಿ, ನೀವಾಗಿದ್ದರೆ ಬಿಚ್ಚಿಸುತ್ತಿದ್ದಿರಾ?